ಮಣ್ಣಿನ ಬಣ್ಣದ ಪುಸ್ತಕ

ಮಥುರಾ ಬಿಜೂರ್ ಬಾಯಿಯವರ ಹತ್ತಿರ ಒಂದು ಪುಸ್ತಕವಿತ್ತು.
ಅಕ್ಷರ ಕಡಿಮೆ. ಪುಟದ ತುಂಬ ಬಣ್ಣದ ಚೌಕ,
ಚೌಕದ ಪಕ್ಕಕ್ಕೊಂದು ತೂತು.
ತೂತಿನ ಹಿಂದೆ ಮಣ್ಣು ಹಿಡಿದು ಮುಂದಿನಿಂದ ನೋಡಬೇಕು,
ಹೊಂದಿದರೆ ಆ ಅಂಕಿಯೇ ಆ ಮಣ್ಣಿನ ಹೆಸರು.
ವಿಲಾಯತಿ ಮಾಲು, ಅವರ ಎರಡು ತಿಂಗಳ ಪಗಾರ.
ಅವ್ವ ನೋಡಿ ಸೆರಗು ಬಾಯಿಗಿಟ್ಟು ನಕ್ಕಳು.

ಪಾನಶೇತ ಒಡೆದ ಮರುವರ್ಷ.
ಕೊಚ್ಚಿಹೋದ ಪೇಟೆಗಳಲ್ಲಿ ಪಾಯ ತೋಡುತ್ತಿದ್ದೆವು,
ಇಂಡಿ ಕಡೆಯಿಂದ ಬಂದ ಒಡ್ಡರು ನಾವು.
ಅಲ್ಲಿ ಬೇಗ ತೋಡಿದರೆ ದುಡ್ಡು.
ಈ ಬಾಯಿ ಲಾರಿ ತಂದು ನಮ್ಮನ್ನು
ಘೋಡ್ ನದಿಯ ದಿಬ್ಬಕ್ಕೆ ಒಯ್ದರು,
ನಿಧಾನ ತೋಡಿದ್ದಕ್ಕೆ ಕೂಲಿ ಕೊಟ್ಟರು.
ಹುಚ್ಚಿಯೇ ಇರಬೇಕು ಅಂದ ಅಪ್ಪ.

ಅವರ ಮನೆಮಾತು ಕೊಂಕಣಿ, ನಮ್ಮದು ಒಡ್ಡರ ಮಾತು,
ಕಾಲೇಜಿನದು ಇಂಗ್ಲಿಷು, ಊರಿನದು ಮರಾಠಿ.
ಹೊಂಡಕ್ಕೆ ಇಳಿದ ಮೇಲೆ ಮಾತ್ರ ಕನ್ನಡ.
"ಏನು ನಿನ್ನ ಹೆಸರು?"
"ತಿಪ್ಪವ್ವರೀ."
"ತಿಪ್ಪೆ ಹುಡುಕೋದೇ ನಮ್ಮ ಕಸುಬು, ಬಾ."

ಸೀರೆ, ಕ್ಯಾನ್ವಾಸ್ ಬೂಟು, ಗಂಡಸರ ಟೊಪ್ಪಿ.
ಗರ್ಭ ನಿಲ್ಲಿಸುವ ಡಾಕ್ಟರಿಣಿ ಎಂದು
ಊರ ಹೆಂಗಸರು ತಿಂಗಳುಗಟ್ಟಲೆ ಹತ್ತಿರ ಬರಲಿಲ್ಲ.
ಹೆಣ್ಣಿಗೆ ಡೇರೆ ಮಂಜೂರಾಗಿಲ್ಲವೆಂದು ಕಾಗದ ಬಂತು,
ಸರಿ, ನಮ್ಮ ತಟ್ಟಿಯ ಆಚೆ ಮಲಗಿದರು,
ಕಂದೀಲು ಹಚ್ಚಿ ಮಡಕೆಚೂರಿಗೆ ನಂಬರು ಬರೆಯುತ್ತ.
ಚೂರು ತೊಳೆಯುವವಳು ನಾನು, ಒಂಬತ್ತು ವರ್ಷ.
ಭಾನುವಾರ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದು
ಫೋಟೋದಲ್ಲಿ ನಿಂತು ಹೋಗುತ್ತಿದ್ದರು.

ಅವ್ವನಿಗೆ ಪುಸ್ತಕ ಬೇಕಿರಲಿಲ್ಲ.
ಉಗುಳು ಹಚ್ಚಿ ಉಜ್ಜಿ ಹೇಳುತ್ತಿದ್ದಳು:
ಇದು ಸುಟ್ಟ ಬೆಲ್ಲ. ಇದು ಬಾಣಂತಿ ಕಷಾಯ.
ಇದು ಎಮ್ಮೆ ಎದ್ದುಹೋದ ಜಾಗ.
ಬಾಯಿ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ
ಅಷ್ಟನ್ನೂ ಬರೆದುಕೊಂಡರು.

ಒಂದು ಮಧ್ಯಾಹ್ನ ಅವ್ವ ಗುದ್ದಲಿ ಕೆಳಗಿಟ್ಟಳು.
"ಇದು ಒಮ್ಮೆ ತಗದು ಮುಚ್ಚಿದ ಮಣ್ಣು, ಬಾಯಾರ.
ಕೈಲೆ ಮುಚ್ಯಾರ."
ಎಲ್ಲಿ ಕಾಣುತ್ತೆ ಎಂದು ಬಾಯಿ ಪುಟ ತಿರುವಿದರು,
ಪುಸ್ತಕಕ್ಕೆ ವ್ಯತ್ಯಾಸ ತಿಳಿಯಲಿಲ್ಲ.
ಬ್ರಷ್ಷಿನಿಂದ ಮೂರು ದಿನ.
ಎರಡು ಮಡಕೆ, ಬಾಯಿಗೆ ಬಾಯಿ ಕೂಡಿಸಿ ಮಲಗಿಸಿದ್ದು,
ಒಳಗೆ ಹಕ್ಕಿಯದೇನೋ ಎನ್ನುವಷ್ಟು ಸಣ್ಣ ಎಲುಬು.
"ಒಲಿ ಮಗ್ಗಲಕ ಇಟ್ಟಾರ," ಅಂದಳು ಅವ್ವ,
"ಬೆಚ್ಚಗಿರಲಿ ಅಂತ."
ಆಮೇಲೆ ನೀರು ಕುಡಿಯಲು ಹೋದವಳು
ಸಂಜೆಯವರೆಗೆ ಬರಲಿಲ್ಲ.
ಯೇರವಡಾದ ನಮ್ಮ ಗುಡಿಸಲಲ್ಲೂ ಒಲೆಯ ಪಕ್ಕದ ನೆಲ
ವಾರವಾರವೂ ಸಾರಿಸುತ್ತಿದ್ದಳು, ನಮಗೆ ತುಳಿಯಲು ಬಿಡದೆ.
ಅದನ್ನು ನಾನು ಬಾಯಿಗೆ ಹೇಳಲಿಲ್ಲ.
ಅವರಿಗೆ ಗೊತ್ತಾಗದೆ ಇರಲೂ ಇಲ್ಲ.

ವರದಿ ಬರಲು ಹದಿನಾಲ್ಕು ವರ್ಷ.
ರಟ್ಟಿನ ಮೇಲೆ ಸಾಹೇಬರ ಹೆಸರು,
ಒಳಗೆ ಸಣ್ಣಕ್ಷರದಲ್ಲಿ ಕುಮಾರಿ ಬಿಜೂರ್,
ಅವರ ಸಹಾಯಕ್ಕೆ ಕೃತಜ್ಞತೆ.
ಎಪ್ಪತ್ತೆರಡನೇ ಪುಟದಲ್ಲಿ ನನ್ನ ಅವ್ವ:
"ಸ್ಥಳೀಯ ಕೂಲಿಗಳು".
ಆ ಪುಟವನ್ನು ಬರೆದವರು ಬಾಯಿ.
ನನ್ನನ್ನು ಶಾಲೆಗೆ ಹಚ್ಚಿದ್ದು, ಫೀ ಕಟ್ಟಿದ್ದು,
ಈ ಉಗ್ರಾಣದ ಕೆಲಸ ಕೊಡಿಸಿದ್ದು ಕೂಡ ಅವರೇ.
ಎರಡನ್ನೂ ಒಂದೇ ತಕ್ಕಡಿಗೆ ಹಾಕಲು
ಈ ವಯಸ್ಸಿಗೂ ನನಗೆ ಬಂದಿಲ್ಲ.

ಪ್ರೊಫೆಸರ್ ಆಗದೆಯೇ ನಿವೃತ್ತರಾದರು.
ಸದಾಶಿವ ಪೇಟೆಯ ಒಂಟಿ ಕೋಣೆ,
ಗೋಡೆಗೆ ನದಿಯ ನಕಾಶೆ,
ಕೊನೆಗೆ ಚಹದ ಬಣ್ಣವನ್ನೂ ಅಂಕಿಯಲ್ಲಿ ಹೇಳುತ್ತಿದ್ದರು.

ನಾಳೆ ಬೀಗದ ಕೈ ಒಪ್ಪಿಸಬೇಕು ನಾನು.
ಅವರ ಪೆಟ್ಟಿಗೆ ತೆಗೆದೆ, ಪುಸ್ತಕವಿತ್ತು:
ಸುಟ್ಟ ಬೆಲ್ಲ ಇದೆ, ಕಷಾಯ ಇದೆ, ಎಮ್ಮೆಯ ಜಾಗ ಇದೆ,
ಮುದ್ದಾದ, ಸ್ವಲ್ಪ ಮಸುಕಾದ ಕನ್ನಡ.
ಒಂದು ಚೌಕದ ಪಕ್ಕ ಏನನ್ನೂ ಬರೆದಿಲ್ಲ.
ಅಲ್ಲಿ ತೂತಿನ ಅಂಚು ಮಾತ್ರ
ಹೆಬ್ಬೆರಳಿಗೆ ಸವೆದು ನುಣ್ಣಗಾಗಿದೆ.