ಮಾಕುಟ್ಟದ ಜಪ್ತಿ ಪಟ್ಟಿ

ಖಾಲಿ ಪೆಟ್ಟಿಗೆ ಹೊತ್ತ ಮೀನು ಲಾರಿಗಳು
ಘಾಟಿ ಇಳಿದು ಕಣ್ಣೂರಿಗೆ ಮರಳುವ ಹೊತ್ತು.
ಬೆಳಗಿನ ಜಾವ ಅವೇ ಸೋರಿಸಿ ಹೋದ ಉಪ್ಪುನೀರು
ತಿರುವು ತಿರುವಿಗೂ ಒಣಗಿ ಬಿಳಿಗೆರೆ.
ಕೊಡಗಿಗೆ ಕಡಲು ಬರುವುದು ಇಷ್ಟೇ,
ಬೈಕಿನವರು ಜಾರಿಬಿದ್ದು ಬಯ್ಯುವಷ್ಟು.

ಗೇಟಿನ ಬಳಿ ಕುಂಞಾಮುಕ್ಕ ತಾವಾಗಿಯೇ ಇಳಿದರು.
ಕಂಕುಳಲ್ಲಿ ಗೋಣಿ ಸುತ್ತಿದ ಉದ್ದ ಗಂಟು.
ಬೀಟೆಯ ತುಂಡೋ, ಬಂದೂಕೋ,
ಕೇಳುವ ಮೊದಲೇ ಮೇಜಿನ ಮೇಲೆ ಬಿಚ್ಚಿದರು:
ಗರಗಸ.
ಎರಡೂ ಅಂಚಿಗೆ ಹಲ್ಲು. ಹಿಡಿ ಇಲ್ಲ.

"ಇಟ್ಟುಕೊಂಡರೆ ಕೇಸಂತೆ, ಮೊಮ್ಮಗಳು ಓದಿ ಹೇಳಿದಳು.
ಪೇಟೆಯ ಅಂಗಡಿ ಮುಚ್ಚಿದೆ. ಇದನ್ನು ಯಾರಿಗೆ ಬಿಡಲಿ?"

ನಾನು ಶನಿವಾರಸಂತೆಯವನು.
ಗರಗಸ ಎಂದರೆ ನನಗೆ ಮರ;
ಹೊಂಡದ ಮೇಲೊಬ್ಬ, ಕೆಳಗೆ ನನ್ನಪ್ಪ,
ಅಪ್ಪನ ರೆಪ್ಪೆಯ ಮೇಲೆ ಹೊಟ್ಟು.
ಹಲ್ಲು ಎಣಿಸಿದೆ. ಈ ಕಡೆ ಹತ್ತೊಂಬತ್ತು,
ಆ ಕಡೆ ಹದಿನೆಂಟು, ಮತ್ತೊಂದು ಕುಳಿ.

ಅವರು ಹೇಳತೊಡಗಿದರು, ಅವಸರವಿಲ್ಲದೆ,
ಮತ್ತಿಯ ಮುಳ್ಳು ಬಿಡಿಸುವ ಹಾಗೆ:

ಕೊಯ್ಯುವುದಕ್ಕಿಂತ ಇದು ಕೇಳುವುದಕ್ಕೆ, ಮೋನೇ.
ಕೆಸರಿನಡಿ ಅವಿತ ಸೀಗಡಿಯ ನಡುಕವೂ
ಈ ಮೂಗಿಗೆ ಮುಟ್ಟುತ್ತದೆ.
ಮರಿ ಹುಟ್ಟುವಾಗ ಹಲ್ಲಿಗೆಲ್ಲ ಲೋಳೆಯ ಒರೆ,
ಉಮ್ಮನ ಹೊಟ್ಟೆ ಹರಿಯಬಾರದಲ್ಲ.
ಅಳಿವೆಯಲ್ಲಿ, ಕಾಂಡ್ಲಾ ಬೇರುಗಳ ನಡುವೆ
ಎರಡು ಮೂರು ಮಳೆಗಾಲ ಕಳೆದು
ಆಮೇಲೆ ಕಡಲು.

ಅಳಿಕ್ಕಲ್ಲಿನಲ್ಲಿ ನನಗಾಗ ಹನ್ನೊಂದು.
ಬಲೆಗೆ ಸಿಕ್ಕಿತು, ಮೂಗಿನಿಂದಲೇ.
ಬಿಡಿಸಹೋದರೆ ಬಲೆ ಹರಿಯುತ್ತದೆ,
ಬಲೆ ಹೊಸದು, ಸಾಲದ್ದು.
ಬಾಪ್ಪ ಕೊಡಲಿ ತಂದರು.
ಮೀನನ್ನು ನೀರಿಗೆ ಬಿಟ್ಟು ಇದನ್ನು ನನಗೆ ಕೊಟ್ಟರು.
ಈಜಿಕೊಂಡೇ ಹೋಯಿತು.

ಬೀಡಿ ತೆಗೆದರು, ಹಚ್ಚಲಿಲ್ಲ.
ಬೆಂಕಿಪೊಟ್ಟಣ ಬೆರಳಲ್ಲಿ ಹೊರಳುತ್ತಿತ್ತು.
"ನಲವತ್ತು ವರ್ಷ ದಿನಾ ಪೆಟ್ಟಿಗೆ ಬಿಚ್ಚಿದೆ.
ಬಂಗುಡೆ, ಅಂಜಲ್, ತೊರಕೆ, ಎಲ್ಲ ಬಂತು.
ಇದರದ್ದೊಂದು ಮರಿ ಬರಲಿಲ್ಲ."

ನಮ್ಮ ನಮೂನೆಯಲ್ಲಿ ದಂತವಿದೆ, ಕೊಂಬು, ಚರ್ಮ,
ಬೀಟೆಗೂ ಗಂಧಕ್ಕೂ ಬೇರೆ ಬೇರೆ ಕಾಲಂ.
ಕಡಲಿಗೆ ಸಾಲಿಲ್ಲ.
ಗುಮಾಸ್ತ ಉತ್ತಯ್ಯ ಕತ್ತೆತ್ತದೆ ಬರೆದ:
ಉಪಕರಣ, ಗರಗಸ, ಒಂದು.
ಮರಗಳ್ಳರಿಂದ ಹಿಡಿದ ಏಳರ ಕೆಳಗೆ
ಇದು ಎಂಟನೆಯದು.

ಲಾರಿ ಕೂಟುಪುಳ ದಾಟಿತು.
ಅವರು ಕುಳಿತ ಬೆಂಚಿನ ಮೇಲೆ
ಒಂದು ಕಡ್ಡಿ, ಗೀರದ್ದು.
ಕೆಳಗೆ ಬಾರಪೊಳೆ, ಬ್ರಹ್ಮಗಿರಿಯ ನೀರು,
ಅದೇ ಅಳಿವೆಗೆ ಹೋಗುತ್ತಿತ್ತು,
ನಮ್ಮ ಗೇಟಿನ ಪಕ್ಕದಲ್ಲೇ, ರಸೀದಿಯಿಲ್ಲದೆ.
ಇಷ್ಟು ವರ್ಷ ಕಾವಲಿದ್ದು
ಅದು ಎಲ್ಲಿಗೆ ಹೋಗುತ್ತದೆಂದು ನಾನು ಕೇಳಿರಲಿಲ್ಲ.

ಉಗ್ರಾಣಕ್ಕೆ ಬೀಗ ಹಾಕಿ ಬಂದು
ಪಟ್ಟಿ ತೆರೆದೆ. ಎಂಟನೆಯ ಸಾಲು ಹೊಡೆದುಹಾಕಿದೆ.
ಉತ್ತಯ್ಯ ಬೆಳಿಗ್ಗೆ ನಕ್ಕಾನು, ನಗಲಿ.
ಮೂಗು, ಎಂದು ಬರೆದೆ. ಒಂದು.
ಷರಾ:
ಮಿಕ್ಕಿದ್ದು ನೀರಿಗೆ ಹೋಗಿದೆ.