ಒಸಡಿನ ಬಣ್ಣ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ,
ಹಿಟ್ಟಿನ ಗಿರಣಿಗೂ ಆಟೋ ಗ್ಯಾರೇಜಿಗೂ ನಡುವೆ
ಎಂಟಡಿ ಅಗಲದ ನನ್ನ ಅಂಗಡಿ.
ಮೂವತ್ತೆಂಟು ವರ್ಷದಿಂದ ಒಸಡು ಮಾಡುತ್ತೇನೆ.
ಹಲ್ಲು ಡಬ್ಬಿಯಲ್ಲಿ ಬರುತ್ತದೆ,
ಮೇಣದ ಪಟ್ಟಿಗೆ ಅಂಟಿ, ಆರಾರರ ಸಾಲು.
ಒಸಡನ್ನು ಮಾತ್ರ ನಾನೇ ಕಲಸಬೇಕು:
ಗುಲಾಬಿ ಪುಡಿ, ಮೂಗಿಗೆ ಹತ್ತುವ ದ್ರವ,
ರೊಟ್ಟಿ ಹಿಟ್ಟಿನ ಹದ ಬಂದಾಗ ಅಚ್ಚಿಗೆ ಒತ್ತಿ
ಕುದಿನೀರಿಗೆ ಬಿಟ್ಟರೆ, ತಗೋ,
ಎಂದೂ ಊದದ, ಎಂದೂ ರಕ್ತ ಬಾರದ ಒಸಡು.

ಜೀರಿಗೆ ಬಂದದ್ದು ಗಿರಣಿಯ ಕಡೆಯಿಂದ.
ಮೈಬಣ್ಣ ಜೀರಿಗೆ, ಅದಕ್ಕೇ ಹೆಸರು.
ಯಾರೋ ಟೀಯಲ್ಲಿ ಅದ್ದಿದ ಬನ್ನು ಹಾಕಿ ಸಾಕಿದ್ದರು;
ಆಕಳಿಸಿದರೆ ಗಿರಾಕಿಗಳು ಕುರ್ಚಿ ಸರಿಸುತ್ತಿದ್ದರು.
ಕೋರೆಹಲ್ಲಿನ ಬುಡಕ್ಕೆ
ಸುಣ್ಣದ ಡಬ್ಬಿಯ ಅಂಚಿನಂತೆ ಹಳದಿ ಹಕ್ಕಳೆ.
ಬೇರೆಯವರ ಬಾಯಿ ನೋಡಿಯೇ ಅನ್ನ ತಿಂದವನು,
ಇದನ್ನು ಹೇಗೆ ಕಾಣದಿರಲಿ?

ಪಶು ಆಸ್ಪತ್ರೆಯ ಡಾಕ್ಟರ್ ಪ್ರೆಸಿಲ್ಲಾ
ತುಟಿ ಎತ್ತಿ ಹೆಬ್ಬೆರಳು ಒತ್ತಿದರು.
ಒಸಡು ಬಿಳಿಚಿತು.
ಬೆರಳು ತೆಗೆದು ಎಣಿಸಿದರು: ಒಂದು, ಎರಡು...
ಬಣ್ಣ ಮರಳಿ ಬಂತು,
ಕರೆದರೆ ತಿರುಗಿ ನೋಡುವ ಮಗುವಿನ ಹಾಗೆ.
“ಜೀವ ಚೆನ್ನಾಗಿದೆ ಆಚಾರ್ರೇ, ಬಾಯಿ ಕೆಟ್ಟಿದೆ.
ಮೊದಲು ಹಕ್ಕಳೆ ಕೆರೆಯೋಣ.
ಆಮೇಲೆ ವಾರಕ್ಕೊಂದು ಹಸಿ ಮೂಳೆ.
ಬೇಯಿಸಿದ್ದು ಬೇಡ, ಸೀಳಿ ಗಂಟಲಿಗೆ ಚುಚ್ಚೀತು.
ಉಗುರೊತ್ತಿದರೆ ಗುರುತು ಬೀಳದ ಗಟ್ಟಿ ಮೂಳೆಯೂ ಬೇಡ,
ಹಲ್ಲೇ ಮುರಿದೀತು.
ಅಗಿಯುವಾಗ ನೀವು ಪಕ್ಕದಲ್ಲೇ ಕೂತಿರಿ.”

ನಾನೋ ಈರುಳ್ಳಿಗೂ ಲೆಕ್ಕ ಇಡುವ ಮನೆಯವನು.
ಪೆನ್ಷನ್ ಮೊಹಲ್ಲಾದ ಮುನವ್ವರನ ಅಂಗಡಿ ಮುಂದೆ
ಹೆಲ್ಮೆಟ್ಟು ತೆಗೆಯದೆ ನಿಂತೆ.
ಅವನು ದುಡ್ಡು ಮುಟ್ಟಲಿಲ್ಲ.
“ನಮ್ಮ ಅಬ್ಬಾಗೆ ಕೆಳಗಿನ ಸೆಟ್ಟು
ನೀವಲ್ಲವೇ ಮಾಡಿಕೊಟ್ಟದ್ದು?
ಈಗಲೂ ಕಡ್ಲೆ ಕಡೀತಾರೆ” ಎಂದು
ಕೀಲುಮೂಳೆಯೊಂದನ್ನು ಪೇಪರಿನಲ್ಲಿ ಸುತ್ತಿದ.
ಹಲ್ಲಿಗೆ ಮೂಳೆ. ಲೆಕ್ಕ ಚುಕ್ತಾ.

ಮನೆಯೊಳಗೆ ತರುವಂತಿಲ್ಲ, ಹೆಂಡತಿಯ ಕಾನೂನು.
ಹಿತ್ತಲ ಒಗೆಯುವ ಕಲ್ಲೇ ಜೀರಿಗೆಯ ಎಲೆ.
ಅವಳು ಮೂಳೆಯನ್ನು ಮುಂಗಾಲುಗಳ ನಡುವೆ ಹಿಡಿದು
ತಲೆ ಓರೆ ಮಾಡಿ, ಕಣ್ಣು ಅರೆಮುಚ್ಚಿ,
ಹಿಂದಲ ದವಡೆಗೆ ಕೊಟ್ಟಳು.
ಕರ್ ಕರ್ ಕರ್,
ನನ್ನ ಅರಗೋಲು ಎಂದೂ ಮಾಡದ ಸದ್ದು.

ಮೊದಲ ದಿನ ಮೂಳೆಯ ಮೇಲೆ ಒಂದೆಳೆ ಕೆಂಪು.
ಎದೆ ಧಸಕ್ಕೆಂದಿತು.
ಚಿಕ್ಕವನಿದ್ದಾಗ ಹರಿಕಥೆಯ ದಾಸರು
ತಾಳ ನಿಲ್ಲಿಸಿ ಹೇಳಿದ್ದು ನೆನಪಾಯಿತು:
‘ನಾಯಿ ಒಣಮೂಳೆ ಕಡಿದು
ತನ್ನ ಒಸಡಿನ ನೆತ್ತರನ್ನೇ
ಮೂಳೆಯ ರುಚಿ ಎಂದು ಸವಿಯುತ್ತದೆ,
ಸಂಸಾರವೂ ಹಾಗೇ ಕಣ್ರಪ್ಪ.’
ಇಡೀ ಸಭೆ ತಲೆದೂಗಿತ್ತು. ನಾನೂ.

ದಾಸರು ಯಾವ ನಾಯಿಯ ತುಟಿಯನ್ನೂ ಎತ್ತಿರಲಿಲ್ಲ.
ಮೂರನೆಯ ಭಾನುವಾರ ಆ ಎಳೆ ಇರಲಿಲ್ಲ.
ಐದನೆಯದಕ್ಕೆ ಕೆರೆದ ಜಾಗ ಬೆಳ್ಳಗೇ ಉಳಿದಿತ್ತು,
ಉಸಿರಲ್ಲಿ ಬರೀ ನಾಯಿವಾಸನೆ.
ಒಸಡು ಬಿಗಿದು ಹಲ್ಲಿನ ಬುಡ ತಬ್ಬಿತ್ತು.
ಅಂಥ ಬಣ್ಣ ನನ್ನ ಡಬ್ಬಿಯಲ್ಲಿಲ್ಲ;
ಅಂಚಿಗೆ ಕಪ್ಪು, ಒಳಗೆ ನೇರಳೆ ಬೆರೆತ ಕೆಂಪು,
ನಡುವೆ ಹೊಳೆವ ಒದ್ದೆ.

ನಿನ್ನೆ ರಾತ್ರಿ ನನ್ನ ಸೆಟ್ಟನ್ನು ಬಟ್ಟಲಿಗೆ ಹಾಕುವ ಮುಂಚೆ
ಅದರ ಒಸಡಿಗೆ ಹೆಬ್ಬೆರಳು ಒತ್ತಿದೆ. ಎಣಿಸಿದೆ.
ಏನೂ ಬಿಳಿಚಲಿಲ್ಲ, ಮರಳಿ ಬರುವುದೂ ಇರಲಿಲ್ಲ.
ಕೆಲಸ ಅಚ್ಚುಕಟ್ಟು, ನಾನೇ ಮಾಡಿದ್ದು.
ಆಮೇಲೆ ಬೋಳು ಬಾಯಿ ತೆರೆದು
ಕನ್ನಡಿ ಮುಂದೆ ನನ್ನದನ್ನು ಒತ್ತಿದೆ.
ಒಂದು, ಎರಡು,
ಮೂರು ಅನ್ನುವಷ್ಟರಲ್ಲಿ
ಹಿತ್ತಲಲ್ಲಿ ಜೀರಿಗೆ ಬೊಗಳಿದಳು,
ಎಣಿಕೆ ತಪ್ಪಿತು.