ಅಲಾವೆರ್ದಿ

ತೆಲಾವಿಯಲ್ಲಿ ದ್ರಾಕ್ಷಿ ಕೊಯ್ಲು ಮುಗಿದ ಇರುಳು
ಎತೆರಿ ಔತಣದ ಮೇಜಿಗೆ ತಡವಾಗಿ ಬಂದಳು,
ಬೆರಳಲ್ಲಿನ್ನೂ ಯೀಸ್ಟಿನ ವಾಸನೆ.
'ಪ್ರಯೋಗಾಲಯದ್ದೋ, ನೆಲದಲ್ಲಿ ಹೂತ ಹಂಡೆಯದ್ದೋ?' ಅಂದಳು ಅತ್ತೆ.
ಎರಡೂ ಒಂದೇ ಜೀವ, ಅತ್ತೆ.
ಇಲ್ಲಿ ಕುಡಿಸುತ್ತೆ, ಅಲ್ಲಿ ಕಾಡಿಸುತ್ತೆ.

ಮೂರು ವರ್ಷದಿಂದ ಅವಳು ಕದ್ದು ಕೇಳುತ್ತಿರುವುದು
ಒಂದು ಯೀಸ್ಟು ಇನ್ನೊಂದರ ಗಂಧ ಹಿಡಿದಾಗ
ಒಳಗೆ ಸಾಗುವ ಪಿಸುಮಾತು.
ಗಂಧ ಬಂದು ಪೊರೆಯ ಬಾಗಿಲು ತಟ್ಟುತ್ತದೆ.
ಒಳಗೆ ಮೂರು ಕಿಣ್ವ.
ಮೊದಲನೆಯದು ಎರಡನೆಯದಕ್ಕೆ ಫಾಸ್ಫೇಟಿನ ಕಿಡಿ ಮುಟ್ಟಿಸಬೇಕು,
ಎರಡನೆಯದು ಮೂರನೆಯದಕ್ಕೆ,
ಮೂರನೆಯದು ಕೋಶದ ನಡುಮನೆಗೆ ಓಡಿ
'ಒಡೆದು ಇಬ್ಬರಾಗಿದ್ದು ಸಾಕು,
ಇಬ್ಬರು ಒಂದಾಗಲು ಸಿದ್ಧವಾಗು' ಎನ್ನಬೇಕು.

ಆದರೆ ಕೋಶವೆಂದರೆ ತ್ಬಿಲಿಸಿಯ ಸ್ಟೇಷನ್ ಪಕ್ಕದ ಬಜಾರು,
ಶನಿವಾರ ಬೆಳಿಗ್ಗೆ.
ಇದೇ ಮೊದಲನೆಯದರ ಬಳಿಗೆ
ಉಪ್ಪು ಹೆಚ್ಚಾದ ದೂರೂ ಬರುತ್ತದೆ, ಹಸಿವಿನ ದೂರೂ.
ಉಪ್ಪಿನ ಸುದ್ದಿ ಒಲವಿನ ಮನೆ ಹೊಕ್ಕರೆ ಗತಿಯೇನು?

ಅದಕ್ಕೇ ಒಂದು ಸಾರುವೆ.
ಗಾರೆಯವರು ಗೋಡೆಗೆ ಕಟ್ಟುತ್ತಾರಲ್ಲ, ಅದೇ ಮಾತು.
ನನ್ನ ನುಡಿಯಲ್ಲಿ ಸಾರುವೆ ಎಂದರೆ
'ಡಂಗುರ ಹೊಡೆಯುವೆ' ಎಂದೂ ಆದೀತು.
ಈ ಪ್ರೋಟೀನು ಮಾತ್ರ ಏನನ್ನೂ ಸಾರುವುದಿಲ್ಲ.
ಮೂವರಿಗೂ ಒಂದೊಂದು ಮಣೆ ಹಾಕಿ
ಮೊಣಕೈಗೆ ಮೊಣಕೈ ತಾಗುವಂತೆ ಕೂರಿಸುತ್ತದೆ, ಅಷ್ಟೆ.
ಒಂಟಿಯಾಗಿದ್ದಾಗ ತನ್ನೊಳಗೇ ಮುದುಡಿರುತ್ತದೆ;
ಬಾಗಿಲು ಬಡಿದಾಗ ಪೊರೆಯ ಬಳಿಗೆ ಎದ್ದು ಹೋಗಿ
ತನ್ನಂಥದ್ದೇ ಇನ್ನೊಂದಕ್ಕೆ ಹೆಗಲು ಆನಿಸಿದ ಮೇಲೆಯೇ
ಬಿಚ್ಚಿಕೊಳ್ಳುವುದು.

ಹೆಚ್ಚು ಸಾರುವೆ, ಹೆಚ್ಚು ಸದ್ದು:
ಹಾಗೆಂದು ಲೆಕ್ಕ ಹಾಕಿ ಹೋದ ಚಳಿಗಾಲ
ಎತೆರಿ ಕೋಶಗಳಲ್ಲಿ ಸಾರುವೆ ತುಂಬಿದಳು,
ಎರಡು ಪಟ್ಟು, ಹತ್ತು ಪಟ್ಟು, ನಲವತ್ತು.
ಗೆರೆ ಮೊದಲು ಏರಿತು,
ಆಮೇಲೆ ಗುಡ್ಡ ಇಳಿದಂತೆ ಇಳಿದು ನೆಲಕ್ಕೊರಗಿತು.
ಅವಳು ಪಿಪೆಟ್ಟನ್ನು ಬೈದಳು, ಫ್ರೀಜರನ್ನು ಬೈದಳು,
ಮೇಲಿನವನು, ಬೆಸಿಕ್, ಅವಳನ್ನು ಬೈದ.
ಹನ್ನೊಂದು ಸಲ ಮಾಡಿದರೂ ಅದೇ ಗುಡ್ಡ.

ಈಗ, ಈ ಮೇಜಿನಲ್ಲಿ, ಕಳೆದ ಸುಗ್ಗಿ ನೆನಪಾಯಿತು.
ಶಾಕ್ರೊ ಮಾವ ಆಸ್ಪತ್ರೆಯಲ್ಲಿದ್ದ.
ನಲವತ್ತು ವರ್ಷದ ತಮಾದ, ಹಾರೈಕೆ ಮಾತಿನ ಯಜಮಾನ.
ಅವನಿಲ್ಲದ ಮೇಜಿಗೆ ಆರು ತಮಾದರು ಹುಟ್ಟಿಕೊಂಡರು.
ಒಬ್ಬನ ಪಕ್ಕ ಹಾಡುವವನಿದ್ದ, ಮಾತಾಡುವವನಿಲ್ಲ;
ಇನ್ನೊಬ್ಬನ ಪಕ್ಕ ಮಾತಾಡುವವನಿದ್ದ,
ಅದನ್ನೆತ್ತಿಕೊಳ್ಳುವವನು ಆಚೆ ತುದಿಯಲ್ಲಿ.
ಎತ್ತಿದ ಲೋಟ ಎಲ್ಲರ ಕೈಯಲ್ಲೂ, ಯಾರ ತುಟಿಗೂ ಇಲ್ಲ.
ಖಿಂಕಾಲಿ ತಟ್ಟೆಯಲ್ಲೇ ಆರಿತು.
ಸತ್ತ ಅಜ್ಜಿಯ ಹೆಸರು ಅರ್ಧ ಮೇಜಿಗೆ ಬಂದು ನಿಂತಿತು.

ಮೂವರು ಮೂರು ಸಾರುವೆ ಹತ್ತಿ ಕೂತರೆ
ಯಾರ ಮೊಣಕೈ ಯಾರಿಗೆ?

ಎತೆರಿಯ ಕೈಯಲ್ಲಿ ರೊಟ್ಟಿಯ ಚೂರು ಹಾಗೇ ಉಳಿಯಿತು.
ಗುಡ್ಡ ಸುಳ್ಳಾಡಿರಲಿಲ್ಲ.

ಈ ವರ್ಷ ಶಾಕ್ರೊ ಬಂದಿದ್ದಾನೆ.
ಧ್ವನಿಪೆಟ್ಟಿಗೆ ಆಸ್ಪತ್ರೆಯಲ್ಲೇ ಉಳಿಯಿತು;
ಕುತ್ತಿಗೆಗೆ ಹೆಂಡತಿಯ ಹಸಿರು ಸ್ಕಾರ್ಫು.
ಆದರೂ ಆ ಜಾಗ ಅವನದೇ ಎಂದರು. ಕೂತ.
ಬೆರಳಾಡಿಸಿ ಗುರಾಮನನ್ನು ಈಚೆ ಕರೆದ,
ಬೇಲಿಯ ಜಗಳಕ್ಕೆ ಮುನಿದು ದೂರ ಕೂತಿದ್ದ ಅಂಬ್ರೊಸಿಯನ್ನು
ಅವನ ಮಗ್ಗುಲಿಗೇ ತಳ್ಳಿದ,
ಹಾಡುವ ತ್ಸಿರಾಳನ್ನು ಅಂಬ್ರೊಸಿಯ ಮಗ್ಗುಲಿಗೆ.
ತಾನು ವಾಲದಂತೆ ಅಣ್ಣನ ಹೆಗಲಿಗೆ ಹೆಗಲು ಕೊಟ್ಟು
ಕಣ್ಣಲ್ಲೇ ಅಂದ: ಅಲಾವೆರ್ದಿ.
ಇನ್ನು ನಿನ್ನದು. ಮುಂದುವರಿಸು.

ಗುರಾಮ ಅಜ್ಜಿಯ ಹೆಸರೆತ್ತಿದ.
ಅಂಬ್ರೊಸಿ ಅವಳ ಮೊಂಡು ಕತ್ತೆಯ ಕತೆ ಹೇಳಿ ಅತ್ತ.
ತ್ಸಿರಾ ಎದ್ದು ನಿಂತು ಹಾಡಿದಳು,
ಲೋಟಗಳು ಕೊನೆಯ ಕುರ್ಚಿಯವರೆಗೆ ಖಾಲಿಯಾದವು.
ಶಾಕ್ರೊನದು ಮಾತ್ರ ತುಂಬಿಯೇ ಇತ್ತು,
ವೈದ್ಯರು ಬೇಡವೆಂದಿದ್ದಾರೆ.

ಎತೆರಿ ಕಾಗದದ ಕರವಸ್ತ್ರದ ಮೇಲೆ ಗುಡ್ಡ ಬರೆದು
ನೆತ್ತಿಗೊಂದು ಚುಕ್ಕಿ ಇಟ್ಟಳು.
'ಯಾವ ಬೆಟ್ಟವೇ ಅದು?' ಅತ್ತೆ ಬಗ್ಗಿ ನೋಡಿದಳು,
ಉತ್ತರಕ್ಕೆ ಕಾಯದೆ ತಟ್ಟೆ ಮುಂದೆ ಸರಿಸಿದಳು:
'ತಿನ್ನು ಮೊದಲು. ತಿಂದು ಪಕ್ಕದವರಿಗೆ ಕೊಡು.'